ಹಿಗ್ಸ್ ಕಣದ ತೂಕವೂ ಕುಟ್ಟದ ಕಂಕಣ ಗ್ರಹಣವೂ

ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಮೂಲಕಣಗಳಿಗೆ ದ್ರವ್ಯರಾಶಿ ಒದಗಿಸುವ ಕ್ಷೇತ್ರದ ಹಿಗ್ಸ್ ಕಣ ಇರಬೇಕಾದ್ದಕ್ಕಿಂತ ತೀರಾ ಹಗುರ, ಇದನ್ನೇ ಹೈರಾರ್ಕಿ ಸಮಸ್ಯೆ ಎನ್ನುತ್ತಾರೆ ಎಂದು ತರಗತಿಯಲ್ಲಿ ಹೇಳಿದರು. ಒಂದು ಸಂಖ್ಯೆ ಚಿಕ್ಕದಿದ್ದರೆ ಅದರಲ್ಲಿ ಸಮಸ್ಯೆ ಏನು? 2019ರಲ್ಲಿ ನಮ್ಮ ಕಡೆ ಕಂಕಣ ಗ್ರಹಣ ನೋಡಿದೆವು. ಸೂರ್ಯ, ಚಂದ್ರ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುವುದು ಬರೀ ಕಾಕತಾಳೀಯ ಎಂದು ಎಲ್ಲರೂ ಒಪ್ಪುತ್ತಾರೆ. ಹಿಗ್ಸ್ ವಿಷಯದಲ್ಲಿ ಮಾತ್ರ ಅದೇ ಉತ್ತರ ಯಾಕೆ ಸಾಲದು? ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದಲ್ಲಿ ಹೊಸದೇನೂ ಸಿಗದ ಮೇಲೆ ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡಿದರೆ ದಂಡವೇ?
— ಓದುಗರು, ಗೋಣಿಕೊಪ್ಪ

ಉತ್ತರ: ಗ್ರಹಣದಿಂದಲೇ ಶುರು ಮಾಡುತ್ತೇನೆ. ನಿಮ್ಮ ಪ್ರಶ್ನೆಯ ಜೀವ ಅಲ್ಲಿದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಾನೂ ಕೊಡಗಿನ ಕುಟ್ಟದ ಹತ್ತಿರ ದೊಡ್ಡಪ್ಪನ ತೋಟದಲ್ಲಿದ್ದೆ. ಅರೇಬಿಕಾ ಕೊಯ್ಲಿನ ಸಮಯ, ಒಣಗಿಸುವ ಕಣದ ತುಂಬ ಕಾಫಿ ಹರವಿತ್ತು. ಒಂಬತ್ತೂವರೆ ಹೊತ್ತಿಗೆ ಬಿಸಿಲಿನ ಕಾವು ಇಳಿದು ಬೆಳಕು ಮಂಕಾಯಿತು. ನಾವೆಲ್ಲ ಗ್ರಹಣದ ಕನ್ನಡಕ ಹಾಕಿಕೊಂಡು ಮೇಲೆ ನೋಡುತ್ತಿದ್ದರೆ ದೊಡ್ಡಮ್ಮ ಕಣದ ಕಡೆ ಕೈ ಮಾಡಿ, "ಇಲ್ಲಿ ನೋಡು ಮಗ, ನೆಲದ ತುಂಬ ಬಳೆ" ಎಂದರು. ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಬೀಳುವ ಒಂದೊಂದು ಬೆಳಕಿನ ಚುಕ್ಕೆಯೂ ಒಂದೊಂದು ಉಂಗುರವಾಗಿ ಕಾಫಿಯ ಮೇಲೆ ನಡುಗುತ್ತಿತ್ತು. ಎಲೆಯ ಸಂದಿಯೇ ಸೂಜಿರಂಧ್ರದ ಕ್ಯಾಮೆರಾ ಆಗಿತ್ತು.

ಆ ಬಳೆಯ ದಪ್ಪ ನೆನಪಿಟ್ಟುಕೊಳ್ಳಿ. ಅಂದು ಚಂದ್ರಬಿಂಬದ ಅಗಲ ಸೂರ್ಯಬಿಂಬದ ಅಗಲದ ಶೇ. 97ರಷ್ಟಿತ್ತು. ಉಳಿದ ಶೇ. 3 ನಮಗೆ ಬಳೆಯಾಗಿ ಕಂಡಿತು. ಸೂರ್ಯನ ವ್ಯಾಸ ಚಂದ್ರನ ವ್ಯಾಸದ ಸುಮಾರು 400 ಪಟ್ಟು, ಸೂರ್ಯನ ದೂರ ಚಂದ್ರನ ದೂರದ ಸರಾಸರಿ 390 ಪಟ್ಟು. ಈ ಎರಡು ಸಂಖ್ಯೆಗಳಿಗೆ ಒಂದಕ್ಕೊಂದು ನಂಟಿಲ್ಲ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್‌ನಂತೆ ನಮ್ಮಿಂದ ದೂರ ಸರಿಯುತ್ತಿರುವುದರಿಂದ ಈ ಹೊಂದಿಕೆ ಶಾಶ್ವತವೂ ಅಲ್ಲ. ನಮ್ಮ ಸೌರಮಂಡಲದಲ್ಲಿ ಇನ್ನೂರಕ್ಕೂ ಹೆಚ್ಚು ಉಪಗ್ರಹಗಳಿವೆ, ಅವುಗಳಲ್ಲಿ ಒಂದು ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸದಲ್ಲಿ ಸೂರ್ಯನಿಗೆ ಹೊಂದಿಕೊಂಡಿದೆ. ಕಾಕತಾಳೀಯ ಎಂದು ಬಿಟ್ಟುಬಿಡುವುದೇ ಇಲ್ಲಿ ಸರಿ.

ಅದೇ ಹೊಂದಿಕೆ ಎರಡು ಅಂಕೆಯವರೆಗೆ ಅಲ್ಲ, ಮೂವತ್ತು ಅಂಕೆಯವರೆಗೆ ಇದ್ದಿದ್ದರೆ? ಸೂರ್ಯನನ್ನು ಕರಾರುವಾಕ್ಕಾಗಿ ಮುಚ್ಚಲು ಬೇಕಾದ ವ್ಯಾಸಕ್ಕೂ ಚಂದ್ರನ ನಿಜವಾದ ವ್ಯಾಸಕ್ಕೂ ಇರುವ ಅಂತರ ಆಗ ಒಂದು ಪ್ರೋಟಾನಿನ ಅಗಲದ ಕೋಟಿಯಲ್ಲೊಂದು ಪಾಲಿಗೂ ಕಡಿಮೆ ಆಗಿರುತ್ತಿತ್ತು. ಬೆಟ್ಟ ಕುಸಿದು ಗುಂಡಿ ಬೀಳುವ ಚಂದ್ರನಂಥ ಕಲ್ಲಿನುಂಡೆಯಲ್ಲಿ ಅಂಥದ್ದು ಕಂಡರೆ ಕಾಕತಾಳೀಯ ಎಂದು ಹೇಳಲು ನಿಮಗೂ ಬಾಯಿ ಬರುತ್ತಿರಲಿಲ್ಲ. ಯಾವುದೋ ನಿಯಮ ಆ ಎರಡು ಸಂಖ್ಯೆಗಳನ್ನು ಕಟ್ಟಿಹಾಕಿದೆ ಎಂದೇ ಹುಡುಕುತ್ತಿದ್ದಿರಿ. ಹಿಗ್ಸ್ ಕಣದ ತಕರಾರು ಈ ಎರಡನೆಯ ಜಾತಿಯದು.

ಈಗ ನಿಮ್ಮ ಮೊದಲ ಪ್ರಶ್ನೆ. ಸಂಖ್ಯೆ ಚಿಕ್ಕದಾಗಿರುವುದೇ ಸಮಸ್ಯೆ ಎಂದು ಪಾಠದಲ್ಲಿ ಹೇಳಿದ್ದರೆ ಅದು ಅರ್ಧ ಮಾತು, ಆ ಅರ್ಧ ಮಾತಿನಿಂದಲೇ ಎಷ್ಟೋ ವಿದ್ಯಾರ್ಥಿಗಳು ದಾರಿ ತಪ್ಪಿದ್ದನ್ನು ನೋಡಿದ್ದೇನೆ. 2012ರ ಜುಲೈ 4ರಂದು ಎಲ್‌ಎಚ್‌ಸಿ ಇರುವ ಸರ್ನ್ ಪ್ರಯೋಗಾಲಯದಲ್ಲಿ ಅಟ್ಲಾಸ್, ಸಿಎಂಎಸ್ ತಂಡಗಳು ಸಾರಿದ ಹಿಗ್ಸ್ ಕಣದ ದ್ರವ್ಯರಾಶಿ ಸುಮಾರು 125 ಜಿಇವಿ (ಕಣಗಳ ದ್ರವ್ಯರಾಶಿ, ಶಕ್ತಿ ಅಳೆಯುವ ಮಾನ). ಪ್ರೋಟಾನಿನದು ಹೆಚ್ಚುಕಡಿಮೆ 1 ಜಿಇವಿ ಎಂದುಕೊಂಡರೆ ಅಳತೆ ಮನಸ್ಸಿಗೆ ಹತ್ತುತ್ತದೆ. ಗುರುತ್ವ ಬಲ ಕಣಗಳ ಮಟ್ಟದಲ್ಲೂ ಜೋರಾಗುವ ಪ್ಲಾಂಕ್ ಮಟ್ಟ 1ರ ಮುಂದೆ 19 ಸೊನ್ನೆ ಇಟ್ಟಷ್ಟು ಜಿಇವಿ. ಅಂತರ ದೊಡ್ಡದು, ನಿಜ. ಆದರೆ ಪ್ರೋಟಾನ್ ಹಿಗ್ಸ್‌ಗಿಂತಲೂ ಹಗುರ, ಅದರ ಬಗ್ಗೆ ಯಾರೂ ನಿದ್ದೆಗೆಡುವುದಿಲ್ಲ. ಯಾಕೆಂದರೆ ಅದರ ಹಗುರತನಕ್ಕೆ ಕಾರಣ ಗೊತ್ತಿದೆ. ಪ್ರೋಟಾನಿನ ಒಳಗಿನ ಕ್ವಾರ್ಕ್ ಕಣಗಳನ್ನು ಬಿಗಿಯುವ ಪ್ರಬಲ ಬಲ ಅತಿ ಚಿಕ್ಕ ದೂರದಲ್ಲಿ ಸಡಿಲವಾಗಿರುತ್ತದೆ, ದೂರ ಹೆಚ್ಚಿದಂತೆ ತೀರಾ ನಿಧಾನವಾಗಿ, ಲಾಗರಿದಮ್ ಲೆಕ್ಕದಲ್ಲಿ ಗಟ್ಟಿಯಾಗುತ್ತದೆ. 1973ರಲ್ಲಿ ಗ್ರಾಸ್, ವಿಲ್ಚೆಕ್, ಪೊಲಿಟ್ಸರ್ ತೋರಿಸಿದ್ದು ಇದನ್ನೇ. ಅಷ್ಟು ನಿಧಾನವಾಗಿ ಏರುವ ಬಲ ಪೂರ್ತಿ ಬಿಗಿಯಾಗುವ ಹೊತ್ತಿಗೆ ನಾವು ಪ್ಲಾಂಕ್ ಮಟ್ಟದಿಂದ 19 ಸೊನ್ನೆಯಷ್ಟು ಕೆಳಗೆ ಬಂದುಬಿಟ್ಟಿರುತ್ತೇವೆ. ಯಾವ ಸಂಖ್ಯೆಯನ್ನೂ ಕೈಯಿಂದ ತಿರುಪಿ ಕೂರಿಸಬೇಕಿಲ್ಲ.

ಹಾಗಾದರೆ ಹಿಗ್ಸ್‌ನ ಕಷ್ಟ ಎಲ್ಲಿದೆ ಎಂದರೆ, ಅದು ಮೇಲಿನ ಮಟ್ಟದ ಪ್ರತಿಯೊಂದಕ್ಕೂ ಅಲುಗುತ್ತದೆ. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತಾರಲ್ಲ. ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟು ಬಿತ್ತು ಎಂದು ಪುಸ್ತಕಕ್ಕೆ ಏರಿಸುವಾಗ ನೀರಿನ ಅಣುವಿನಲ್ಲಿ ಹೈಡ್ರೋಜನ್ ಯಾವ ಕೋನದಲ್ಲಿ ಕೂತಿದೆ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಚಿಕ್ಕ ಮಟ್ಟದ ವಿವರ ದೊಡ್ಡ ಮಟ್ಟದ ಲೆಕ್ಕವನ್ನು ಕೆಡಿಸುವುದಿಲ್ಲ ಎನ್ನುವ ಭರವಸೆಯ ಮೇಲೆಯೇ ಭೌತಶಾಸ್ತ್ರ ಇಷ್ಟು ದೂರ ನಡೆದು ಬಂದಿದೆ. ಗ್ರಹಗಳ ಚಲನೆ ಲೆಕ್ಕ ಹಾಕಲು ನ್ಯೂಟನ್‌ಗೆ ಪರಮಾಣು ಬೇಕಾಗಲಿಲ್ಲ, ಹೈಡ್ರೋಜನ್ ವರ್ಣಪಟಲಕ್ಕೆ ಬೋರ್‌ಗೆ ಕ್ವಾರ್ಕ್ ಬೇಕಾಗಲಿಲ್ಲ. ಹಿಗ್ಸ್‌ನ ದ್ರವ್ಯರಾಶಿ ಈ ಭರವಸೆಯನ್ನು ಮುರಿಯುವಂತೆ ಕಾಣುತ್ತದೆ, ನಮ್ಮನ್ನು ಕಾಡುವುದು ಅದು.

ಹೇಗೆ ಮುರಿಯುತ್ತದೆ? ಕ್ವಾಂಟಂ ಸಿದ್ಧಾಂತದಲ್ಲಿ ಯಾವ ಕಣವೂ ಒಂಟಿಯಲ್ಲ. ಅದರ ಜೊತೆ ಒಡನಾಡುವ ಎಲ್ಲ ಕಣಗಳೂ ಕ್ಷಣಕಾಲ ಮೂಡಿ ಮರೆಯಾಗುತ್ತಾ ಅದರ ದ್ರವ್ಯರಾಶಿಗೆ ತಮ್ಮ ಪಾಲು ಸೇರಿಸುತ್ತವೆ ಅಥವಾ ಕಳೆಯುತ್ತವೆ. ಹಿಗ್ಸ್‌ನ ಮಟ್ಟಿಗೆ ಆ ಪಾಲು ಸೇರುವ ಕಣದ ದ್ರವ್ಯರಾಶಿಯ ವರ್ಗಕ್ಕೆ ತಕ್ಕಷ್ಟು. ಭಾರದ ಕಣ ಇದ್ದಷ್ಟೂ ಪಾಲು ದೊಡ್ಡದು. ಪ್ಲಾಂಕ್ ಮಟ್ಟದ ಹತ್ತಿರ ಯಾವುದಾದರೂ ಕಣವಿದ್ದು ಹಿಗ್ಸ್ ಜೊತೆ ಒಡನಾಟ ಇಟ್ಟುಕೊಂಡಿದ್ದರೆ, ಅದು ಸೇರಿಸುವ ಮೊತ್ತ ನಾವು ಅಳೆದ ಮೊತ್ತಕ್ಕಿಂತ ಮೂವತ್ತಕ್ಕೂ ಹೆಚ್ಚು ಸೊನ್ನೆಗಳಷ್ಟು ದೊಡ್ಡದು. ಆ ಬೆಟ್ಟದಂಥ ಸಂಖ್ಯೆಯನ್ನು ಮತ್ತೊಂದು ಬೆಟ್ಟ ಮೂವತ್ತು ಚಿಲ್ಲರೆ ಅಂಕೆಗಳವರೆಗೆ ಸರಿಯಾಗಿ ಕಳೆದು, ಕೊನೆಗೆ 125ರ ವರ್ಗದಷ್ಟು ಪುಡಿ ಮಾತ್ರ ಉಳಿಸಬೇಕು. ಇದೇ ಫೈನ್ ಟ್ಯೂನಿಂಗ್. ಹೀಗೆ ತಿರುಪಿ ಕೂರಿಸುವ ಅಗತ್ಯವಿಲ್ಲದೆ ಸಂಖ್ಯೆಗಳು ತಾವಾಗಿ ಹೊಂದುವುದಕ್ಕೆ ಸಹಜತೆ ಎನ್ನುತ್ತಾರೆ.

ಚುರುಕಾದ ವಿದ್ಯಾರ್ಥಿ ಇಲ್ಲಿ ಅಡ್ಡ ಬರುತ್ತಾನೆ, ಬರಲೇಬೇಕು. ಕಳೆಯುವ ಎರಡು ಬೆಟ್ಟಗಳನ್ನೂ ಯಾರೂ ಅಳೆದಿಲ್ಲ, ಅಳೆದದ್ದು ಉಳಿಕೆಯನ್ನು ಮಾತ್ರ. ಲೆಕ್ಕದ ವಿಧಾನ ಬದಲಿಸಿದರೆ ಬೆಟ್ಟಗಳೇ ಮಾಯವಾಗುತ್ತವೆ. ಹಾಗಿದ್ದ ಮೇಲೆ ಇದು ಕಾಗದದ ಮೇಲಿನ ಗಾಬರಿಯಲ್ಲವೇ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಈಗ ಗೊತ್ತಿರುವ ಮೂಲಕಣಗಳ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಇಲ್ಲ ಎಂದಾದರೆ ಸಮಸ್ಯೆಯ ಹಲ್ಲು ನಿಜಕ್ಕೂ ಉದುರುತ್ತದೆ. ಆದರೆ ಬೇರೇನೋ ಇದೆ ಎನ್ನಲು ಬಲವಾದ ಕಾರಣಗಳಿವೆ. ಯಾವುದರ ಜೊತೆಗೂ ಹೆಚ್ಚು ಒಡನಾಡದ ನ್ಯೂಟ್ರಿನೊ ಕಣಗಳನ್ನೇ ತೆಗೆದುಕೊಳ್ಳಿ. (ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲೇ ವಾಯುಮಂಡಲದ ನ್ಯೂಟ್ರಿನೊಗಳು ಪತ್ತೆಯಾಗಿದ್ದವು. ಅದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ.) ಅವಕ್ಕೆ ದ್ರವ್ಯರಾಶಿ ಇದೆ ಎನ್ನುವುದು 1998ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆಯಿಂದ ಖಚಿತವಾಯಿತು. ಆ ಪುಟ್ಟ ದ್ರವ್ಯರಾಶಿಗೆ ಎಲ್ಲರಿಗೂ ಇಷ್ಟವಾದ ವಿವರಣೆ, ಅವಕ್ಕೊಂದು ಅತಿ ಭಾರದ ಜೊತೆಗಾರ ಕಣ ಇದೆ ಎನ್ನುವುದು. ಆ ಜೊತೆಗಾರ ಸುಮಾರು ಒಂದು ಕೋಟಿ ಜಿಇವಿ ದಾಟಿದರೆ ಸಾಕು, ಹಿಗ್ಸ್ ಅಲ್ಲಾಡಲು ಶುರುವಾಗುತ್ತದೆ. ಇಲ್ಲಿ ಬೆಟ್ಟ ಕಾಗದದ್ದಲ್ಲ, ಅಂಥ ಕಣದ ದ್ರವ್ಯರಾಶಿ ನಿಜವಾಗಿ ಅಳೆಯಬಹುದಾದ ವಸ್ತು. ಹೈರಾರ್ಕಿ ಸಮಸ್ಯೆಯನ್ನು ಈ ರೂಪದಲ್ಲೇ ಕಲಿಯಿರಿ, ಕಾಗದದ ಲೆಕ್ಕದಲ್ಲಿ ಹುಟ್ಟುವ ಅನಂತಗಳ ರೂಪದಲ್ಲಿ ಬೇಡ.

ಇದೇ ಬಗೆಯ ಅನುಮಾನ ಹಿಂದೆ ಫಲ ಕೊಟ್ಟಿದೆ. ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಆ ಚರಿತ್ರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲೆಕ್ಟ್ರಾನಿಗೆ ಇದೇ ಕಾಯಿಲೆ ಇತ್ತು. ಎಲೆಕ್ಟ್ರಾನ್ ಸುತ್ತ ವಿದ್ಯುತ್ ಕ್ಷೇತ್ರವಿದೆ, ಆ ಕ್ಷೇತ್ರದಲ್ಲಿ ಶಕ್ತಿಯಿದೆ, ಶಕ್ತಿ ಎಂದರೆ ದ್ರವ್ಯರಾಶಿ. ಎಲೆಕ್ಟ್ರಾನನ್ನು ಚಿಕ್ಕದು ಮಾಡಿದಷ್ಟೂ ಈ ಶಕ್ತಿ ಏರುತ್ತದೆ. ಒಂದು ಮೀಟರನ್ನು 1ರ ಮುಂದೆ 19 ಸೊನ್ನೆಯಿಂದ ಭಾಗಿಸಿದಷ್ಟು ಗಾತ್ರಕ್ಕೆ ಇಳಿಸಿದರೆ ಅದು 10,000 ಎಂಇವಿ ಆಸುಪಾಸು (ಸಾವಿರ ಎಂಇವಿ ಸೇರಿದರೆ ಒಂದು ಜಿಇವಿ). ಆದರೆ ಅಳೆದ ದ್ರವ್ಯರಾಶಿ 0.511 ಎಂಇವಿ. ಉಳಿದ 9,999 ಚಿಲ್ಲರೆ ಎಲ್ಲಿ ಕಳೆಯಿತು? ಯಾರೋ ಅಷ್ಟು ನಿಖರವಾಗಿ ಕಳೆದಿಟ್ಟಿದ್ದಾರೆ ಎಂದು ಸುಮ್ಮನಾಗಬಹುದಿತ್ತು. ನಿಸರ್ಗ ಕೊಟ್ಟ ಉತ್ತರ ಬೇರೆ. 1928ರಲ್ಲಿ ಡಿರಾಕ್ ಸಮೀಕರಣ ಬಂತು, 1932ರಲ್ಲಿ ಆಂಡರ್ಸನ್ ಪಾಸಿಟ್ರಾನ್ ಕಂಡರು, ಅದು ಎಲೆಕ್ಟ್ರಾನಿನಂತೆಯೇ ಇದ್ದು ವಿದ್ಯುದಂಶ ಮಾತ್ರ ತಿರುಗುಮುರುಗಾದ ಪ್ರತಿಕಣ. ಎಲೆಕ್ಟ್ರಾನಿನ ಸುತ್ತ ಮೂಡಿ ಮರೆಯಾಗುವ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳನ್ನೂ ಲೆಕ್ಕಕ್ಕೆ ತಂದರೆ ಆ ಬೆಟ್ಟ ತಾನಾಗಿ ಕರಗುತ್ತದೆ. 1934ರಲ್ಲಿ ವೈಸ್‌ಕಾಫ್ ಈ ಲೆಕ್ಕ ಮಾಡಿದಾಗ ಒಂದು ತಪ್ಪು ನುಸುಳಿತ್ತು, ಫರಿ ಎಂಬ ಇನ್ನೊಬ್ಬರು ಪತ್ರ ಬರೆದು ತಿದ್ದಿದರು. ತಿದ್ದಿದ ಲೆಕ್ಕದ ಪ್ರಕಾರ ಪ್ಲಾಂಕ್ ಮಟ್ಟದವರೆಗೆ ಎಳೆದರೂ ತಿದ್ದುಪಡಿ ಎಲೆಕ್ಟ್ರಾನಿನ ದ್ರವ್ಯರಾಶಿಯ ಕಾಲು ಭಾಗ ಮುಟ್ಟುವುದಿಲ್ಲ. ಸಮಸ್ಯೆ ಕಾಣಿಸಿಕೊಂಡ ದೂರಕ್ಕಿಂತ ಮೊದಲೇ ಹೊಸ ಭೌತಶಾಸ್ತ್ರ ಬಾಗಿಲಲ್ಲಿ ನಿಂತಿತ್ತು.

ಚಾರ್ಮ್ ಕ್ವಾರ್ಕಿನದೂ ಇಂಥದೇ ಕಥೆ. ಕ್ವಾರ್ಕ್ ಜೋಡಿಯಿಂದಾದ ಎರಡು ತಟಸ್ಥ ಕೆಯಾನ್ ಕಣಗಳ ದ್ರವ್ಯರಾಶಿಯ ವ್ಯತ್ಯಾಸ ಅತಿ ಚಿಕ್ಕದು. ಅದು ಅಷ್ಟು ಚಿಕ್ಕದಾಗಿ ಉಳಿಯಬೇಕಾದರೆ ಹೊಸ ಕ್ವಾರ್ಕೊಂದು ಸುಮಾರು 1.5 ಜಿಇವಿ ಆಸುಪಾಸಿನಲ್ಲಿ ಇರಬೇಕು ಎಂದು ಮೇರಿ ಗೈಯಾರ್, ಬೆಂಜಮಿನ್ ಲೀ 1974ರಲ್ಲಿ ಲೆಕ್ಕ ಹಾಕಿದರು. ಅದೇ ವರ್ಷ ನವೆಂಬರ್‌ನಲ್ಲಿ ಚಾರ್ಮ್ ಮತ್ತು ಅದರ ಪ್ರತಿಕಣ ಸೇರಿದ 3.1 ಜಿಇವಿಯ ಜೆ/ಸೈ ಕಣ ಸಿಕ್ಕಿತು. ನನಗೆ ಈಗಲೂ ಇದನ್ನು ಪಾಠ ಮಾಡುವಾಗ ಮೈ ಜುಮ್ ಎನ್ನುತ್ತದೆ. ಕ್ವಾರ್ಕ್ ಜೋಡಿಯಿಂದಲೇ ಆದ ಇನ್ನೊಂದು ಕಣ ಪೈ ಮೆಸಾನಿನ ಕಥೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಅದು ನಿಮ್ಮ ಕೈಯಿಂದಲೇ ಆಗಬೇಕು.

ಎಲೆಕ್ಟ್ರಾನನ್ನು ಕಾಪಾಡುವುದು ಒಂದು ಸಮ್ಮಿತಿ, ಅಂದರೆ ಒಂದು ಬಗೆಯ ಬದಲಾವಣೆ ಮಾಡಿದರೂ ಸಮೀಕರಣ ಹಾಗೇ ಉಳಿಯುವ ಗುಣ. ಅದರ ದ್ರವ್ಯರಾಶಿಯನ್ನು ಸೊನ್ನೆ ಮಾಡಿದರೆ ಸಮೀಕರಣಗಳಿಗೆ ಚೈರಲ್ ಸಮ್ಮಿತಿ ಎಂಬ ಹೆಚ್ಚಿನ ಶಿಸ್ತು ಬರುತ್ತದೆ, ಆದ್ದರಿಂದ ತಿದ್ದುಪಡಿಗಳೆಲ್ಲ ಮೂಲ ದ್ರವ್ಯರಾಶಿಗೆ ತಕ್ಕಷ್ಟೇ ಇರಬೇಕು. ಒಂದು ಸಂಖ್ಯೆಯನ್ನು ಸೊನ್ನೆ ಮಾಡಿದಾಗ ಸಮ್ಮಿತಿ ಹೆಚ್ಚುವುದಾದರೆ ಮಾತ್ರ ಅದು ಚಿಕ್ಕದಿರುವುದು ಸಹಜ ಎಂದು ಗೆರಾರ್ಡ್ ಟ್ ಹೂಫ್ಟ್ 1979ರಲ್ಲಿ ಇದನ್ನೊಂದು ಸೂತ್ರವಾಗಿಯೇ ಕೊಟ್ಟರು. ಹಿಗ್ಸ್‌ಗೆ ಸ್ಪಿನ್, ಅಂದರೆ ಎಲೆಕ್ಟ್ರಾನಿಗಿರುವಂಥ ಸ್ವಂತ ತಿರುಗಾಟದ ಗುಣ, ಇಲ್ಲ. ಅದರ ದ್ರವ್ಯರಾಶಿ ಸೊನ್ನೆ ಮಾಡಿದರೆ ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ಅಂಥ ಯಾವ ರಕ್ಷಣೆಯೂ ಬರುವುದಿಲ್ಲ.

ಆ ರಕ್ಷಣೆ ಕೊಡಲು ಹುಟ್ಟಿದ ವಿಚಾರಗಳಲ್ಲಿ ದೊಡ್ಡದು ಸೂಪರ್‌ಸಿಮೆಟ್ರಿ. ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಕಾಫಿ ಬೆಲೆ ಲಂಡನ್, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ, ಗೊಬ್ಬರದ ಖರ್ಚು ಇನ್ನೆಲ್ಲೋ. ಆದಾಯ, ಖರ್ಚು ಎರಡೂ ಕೋಟಿಗಳಲ್ಲಿದ್ದು ವರ್ಷದ ಕೊನೆಗೆ ಪೈಸೆಗೆ ಪೈಸೆ ಸರಿದೂಗಿದರೆ ಯಾರೂ ನಂಬುವುದಿಲ್ಲ. ಆದರೆ ರೋಬಸ್ಟಾ ಕೊಯ್ಲಿನ ಕೂಲಿ ಕೆ.ಜಿ. ಲೆಕ್ಕದಲ್ಲಿ ಕೊಡುವುದಿದೆಯಲ್ಲ, ಅಲ್ಲಿ ಫಸಲು ಹೆಚ್ಚಿದರೆ ಖರ್ಚೂ ತಾನಾಗಿ ಹೆಚ್ಚುತ್ತದೆ, ಎರಡನ್ನೂ ಒಂದೇ ದಾರ ಕಟ್ಟಿದೆ. ಸೂಪರ್‌ಸಿಮೆಟ್ರಿ ಪ್ರತಿ ಕಣಕ್ಕೂ ಇಂಥ ಒಂದು ಜೊತೆ ಕಣವನ್ನು ಕಟ್ಟುತ್ತದೆ. ಒಂದು ಸೇರಿಸಿದ್ದನ್ನು ಇನ್ನೊಂದು ಕಳೆಯುತ್ತದೆ. ಸಮ್ಮಿತಿ ಮುರಿದ ಮೇಲೂ ಈ ರದ್ದತಿ ಹೇಗೆ ಉಳಿಯುತ್ತದೆ ಎಂಬ ಲೆಕ್ಕದಲ್ಲಿ 1980ರ ದಶಕದ ಆರಂಭದಲ್ಲೇ ನಮ್ಮ ದೇಶದ ರೊಮೇಶ್ ಕೌಲ್, ಪಾರ್ಥಸಾರಥಿ ಮಜುಂದಾರ್ ಅವರ ಕೆಲಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರೋಹಿಣಿ ಗೋಡ್ಬೋಲೆ ಅವರು 2024ರಲ್ಲಿ ತೀರಿಕೊಳ್ಳುವವರೆಗೂ ಈ ಕ್ಷೇತ್ರದ ದೊಡ್ಡ ಹೆಸರು. ನಿಮಗೆ ಇದು ದೂರದ ದೇಶದ ವಿಷಯ ಅನಿಸಬಾರದು ಎಂದು ಹೇಳುತ್ತಿದ್ದೇನೆ.

ಜೊತೆ ಕಣಗಳು ಹಿಗ್ಸ್‌ಗೆ ಹತ್ತಿರದ ತೂಕದಲ್ಲಿದ್ದರೆ ಮಾತ್ರ ರದ್ದತಿ ಸರಿಯಾಗಿ ನಡೆಯುತ್ತದೆ. ಆದ್ದರಿಂದ 27 ಕಿ.ಮೀ. ಸುತ್ತಳತೆಯ ಎಲ್‌ಎಚ್‌ಸಿ ಶುರುವಾದಾಗ ನಮ್ಮಲ್ಲಿ ಬಹಳ ಜನ ಅವು ಬೇಗ ಸಿಗುತ್ತವೆ ಎಂದೇ ನಂಬಿದ್ದೆವು. ಸಿಗಲಿಲ್ಲ. ಪ್ರಬಲ ಬಲವನ್ನು ಹೊರುವ ಗ್ಲುಯಾನ್ ಕಣದ ಜೊತೆಗಾರ ಇದ್ದರೆ, ಸಾಮಾನ್ಯ ಮಾದರಿಗಳಲ್ಲಿ ಅದು 2,000 ಜಿಇವಿಗಿಂತ ಭಾರ ಇರಬೇಕು ಎನ್ನುವಲ್ಲಿಗೆ ಬಂದಿದ್ದೇವೆ. ಅಂದರೆ ಸೂಪರ್‌ಸಿಮೆಟ್ರಿ ನಿಜವಿದ್ದರೂ ನೂರಕ್ಕೆ ಒಂದೆರಡರಷ್ಟು ತಿರುಪು ಉಳಿದೇ ಉಳಿಯುತ್ತದೆ. ಈ ಜಾಗದಲ್ಲಿ ನಾನು ನಿಮ್ಮ ಗ್ರಹಣವನ್ನು ಮನಸಾರೆ ಒಪ್ಪುತ್ತೇನೆ. ನೂರರಲ್ಲಿ ಒಂದೆರಡು ಎನ್ನುವುದು ಕುಟ್ಟದಲ್ಲಿ ಕಂಡ ಬಳೆಯ ದಪ್ಪ. ಅಷ್ಟು ಕಾಕತಾಳೀಯವನ್ನು ನಿಸರ್ಗಕ್ಕೆ ಬಿಟ್ಟುಕೊಡಬಹುದು. ಜೊತೆ ಕಣಗಳು ಹತ್ತು ಸಾವಿರ ಜಿಇವಿಯಲ್ಲಿ ಕೂತಿದ್ದರೂ ತಿರುಪು ಕೆಲವು ನೂರರಲ್ಲಿ ಒಂದು, ಮೂವತ್ತು ಅಂಕೆಯ ಪವಾಡದ ಮುಂದೆ ಅದು ಏನೂ ಅಲ್ಲ. ಎಲ್‌ಎಚ್‌ಸಿ ಸಹಜತೆಯನ್ನು ಕೊಂದಿತು ಎಂದು ಬರೆಯುವವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಾರೆ, ಅದು ತಪ್ಪು.

ಬೇರೆ ದಾರಿಗಳೂ ಇವೆ. ಹಿಗ್ಸ್ ಮೂಲಕಣವೇ ಅಲ್ಲ, ಪ್ರೋಟಾನಿನಂತೆ ಒಳಗೆ ಬೇರೆ ಕಣಗಳಿವೆ ಎನ್ನುವುದು ಒಂದು. ಹೆಚ್ಚಿನ ಆಯಾಮಗಳು ಇನ್ನೊಂದು, 1998, 1999ರಲ್ಲಿ ಅದರ ಸುಗ್ಗಿಯೇ ನಡೆಯಿತು. ವಿಶ್ವ ಹುಟ್ಟಿದ ಮೇಲೆ ಹಿಗ್ಸ್‌ನ ದ್ರವ್ಯರಾಶಿ ನಿಧಾನವಾಗಿ ಜಾರಿ ಚಿಕ್ಕ ಬೆಲೆಯಲ್ಲಿ ಸಿಕ್ಕಿಕೊಂಡಿತು ಎನ್ನುವ ರಿಲ್ಯಾಕ್ಸಿಯಾನ್ ವಿಚಾರ 2015ರದು. ಅನೇಕ ವಿಶ್ವಗಳಿದ್ದು, ಪರಮಾಣುಗಳು ಉಳಿಯುವಂಥ ವಿಶ್ವದಲ್ಲಿ ಮಾತ್ರ ಪ್ರಶ್ನೆ ಕೇಳುವವರು ಇರುತ್ತಾರೆ ಎನ್ನುವ ವಾದವೂ ಇದೆ. ನಿರ್ವಾತದ ಶಕ್ತಿಯ, ಅಂದರೆ ಖಾಲಿ ಜಾಗಕ್ಕೇ ಇರುವ ಶಕ್ತಿಯ ವಿಷಯದಲ್ಲಿ ಸ್ಟೀವನ್ ವೈನ್‌ಬರ್ಗ್ 1987ರಲ್ಲಿ ಇಂಥದೇ ವಾದದಿಂದ ಒಂದು ಮಿತಿ ಹಾಕಿದ್ದರು, 1998ರಲ್ಲಿ ಆ ಶಕ್ತಿ ನಿಜವಾಗಿಯೂ ಸೊನ್ನೆಯಲ್ಲ ಎಂದು ಸೂಪರ್‌ನೋವಾಗಳಿಂದ ತಿಳಿಯಿತು. ಅದಕ್ಕಾಗಿ ಈ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಪರೀಕ್ಷಿಸುವ ದಾರಿ ಕಾಣದೆ ಅದನ್ನು ಅಪ್ಪಿಕೊಳ್ಳುವುದೂ ನನ್ನಿಂದಾಗದು. ಸಹಜತೆಯನ್ನು ಅನುಮಾನಿಸಿದವರು ಸಾಮಾನ್ಯರೂ ಅಲ್ಲ. ಸ್ಪಿನ್ ಇಲ್ಲದ ಹಗುರ ಮೂಲಕಣ ಅಸಹಜ ಎಂದು 1971ರಲ್ಲಿ ಮೊದಲು ಎತ್ತಿ ಹೇಳಿದ ಕೆನೆತ್ ವಿಲ್ಸನ್ನರೇ 2004ರಲ್ಲಿ ಅದು ತಾನು ಮಾಡಿದ ಎಡವಟ್ಟು ಎಂದರು. ಅವರ ಮೇಲೆ ನನಗೆ ಅಪಾರ ಗೌರವವಿದೆ, ಈ ಮಾತನ್ನು ಮಾತ್ರ ಒಪ್ಪುವುದಿಲ್ಲ. ನಿಸರ್ಗದಲ್ಲಿ ಚಿಕ್ಕ ಸಂಖ್ಯೆಗಳು ಬೇಕಾದಷ್ಟಿವೆ ಎನ್ನುವುದು ಅವರ ಕಾರಣ. ನಾನು ಆಗಲೇ ಹೇಳಿದಂತೆ ತಕರಾರು ಚಿಕ್ಕದಾಗಿರುವುದರ ಬಗ್ಗೆ ಅಲ್ಲ, ಅಲುಗುವುದರ ಬಗ್ಗೆ.

ಪ್ರಾಜೆಕ್ಟ್ ದಂಡವೇ ಎಂದು ಕೇಳಿದಿರಿ. ಹೊಸ ಮಾದರಿ ಕಟ್ಟುತ್ತೇನೆ ಎಂದು ಹೊರಟರೆ ಎಂ.ಎಸ್ಸಿ. ಮಟ್ಟದಲ್ಲಿ ದಂಡವಾಗುವ ಸಾಧ್ಯತೆ ಹೆಚ್ಚು. ಸಮಸ್ಯೆಯನ್ನು ಕೈಯಾರೆ ಲೆಕ್ಕ ಹಾಕಿ ನೋಡಿದರೆ ಒಂದು ದಿನವೂ ದಂಡವಲ್ಲ. ಈ ಭಾನುವಾರ ಕ್ಯಾಲ್ಕುಲೇಟರ್ ಹಿಡಿದು ಕೂರಿ. ವಿದ್ಯುದಂಶವಿರುವ ಪೈ ಮೆಸಾನಿನ ದ್ರವ್ಯರಾಶಿ 139.57 ಎಂಇವಿ, ತಟಸ್ಥ ಪೈ ಮೆಸಾನಿನದು 134.98. ಒಂದರ ವರ್ಗದಿಂದ ಇನ್ನೊಂದರ ವರ್ಗ ಕಳೆಯಿರಿ, 1,260 ಬರುತ್ತದೆ. ಈ ವ್ಯತ್ಯಾಸ ಬಹುಮಟ್ಟಿಗೆ ವಿದ್ಯುತ್ಕಾಂತ ಬಲ ಸೇರಿಸಿದ ಪಾಲು, ಅದರ ಅಂದಾಜು ಗುಣಕ 3ನ್ನು 137ರಿಂದಲೂ ಮತ್ತೆ 12.57ರಿಂದಲೂ ಭಾಗಿಸಿದಷ್ಟು, ಅಂದರೆ 0.00174. ಇದರಿಂದ 1,260ನ್ನು ಭಾಗಿಸಿ ವರ್ಗಮೂಲ ತೆಗೆಯಿರಿ. 850 ಎಂಇವಿ. ಆ ಎತ್ತರಕ್ಕೆ ಹೋಗುವ ಮೊದಲು ಹೊಸದೇನೋ ಎದುರಾಗಬೇಕು ಎಂದು ಲೆಕ್ಕ ಹೇಳುತ್ತದೆ. ನಿಜವಾಗಿ ಎದುರಾಗುವುದು 770 ಎಂಇವಿಯ ರೋ ಮೆಸಾನ್ ಎಂಬ ಇನ್ನೊಂದು ಕಣ.

ಈಗ ಅದೇ ಹಾಳೆಯ ಕೆಳಗೆ ಹಿಗ್ಸ್‌ನದು ಮಾಡಿ. 125ರ ವರ್ಗದ ಅರ್ಧ 7,812. ಕ್ವಾರ್ಕ್‌ಗಳಲ್ಲೇ ಅತಿ ಭಾರದ ಟಾಪ್ ಕ್ವಾರ್ಕ್ ಸೇರಿಸುವ ಪಾಲಿನ ಗುಣಕ ಸುಮಾರು 0.038. ಭಾಗಿಸಿ ವರ್ಗಮೂಲ ತೆಗೆದರೆ 450 ಜಿಇವಿ. ಎಲ್‌ಎಚ್‌ಸಿ ಆ ಎತ್ತರ ದಾಟಿ ಹತ್ತು ವರ್ಷದ ಮೇಲಾಯಿತು, ರೋ ಮೆಸಾನಿನಂಥದ್ದು ಯಾವುದೂ ಎದುರಾಗಿಲ್ಲ. ಎರಡೂ ಲೆಕ್ಕವಿರುವ ಆ ಒಂದು ಹಾಳೆಯನ್ನು ನಿಮ್ಮ ಗೈಡ್ ಮೇಜಿನ ಮೇಲಿಟ್ಟು, ಮೊದಲನೆಯದು ಹೊಂದಿತು, ಎರಡನೆಯದು ಯಾಕೆ ಹೊಂದಲಿಲ್ಲ ಎಂದು ಕೇಳಿ.